ಸ್ವಂತ ಸ್ಟೇಡಿಯಂ ಕಟ್ಟಬೇಕೋ, ಬಾಡಿಗೆಗೆ ಆಡಬೇಕೋ: ಫುಟ್ಬಾಲ್ ಕ್ಲಬ್ಬಿನ ಲೆಕ್ಕ

ಬಳ್ಳಾರಿಯಲ್ಲಿ ನಾಲ್ಕು ಜನ ಫುಟ್ಬಾಲ್ ಮಾತಾಡಲು ಕೂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಬೆಂಗಳೂರು ಎಫ್‌ಸಿ ಜೆಎಸ್‌ಡಬ್ಲ್ಯು ಸಮೂಹದ ಕ್ಲಬ್ಬು. ಆ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ನಮ್ಮ ತೋರಣಗಲ್ಲಿನಲ್ಲಿದೆ. 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಅಲ್ಲೇ ಇದೆ. ಕ್ಲಬ್ಬಿನ ಹುಡುಗರ ವಸತಿ ಅಕಾಡೆಮಿ ಬೆಳೆದದ್ದೂ ಅಲ್ಲೇ. ಕಬ್ಬಿಣ ಸ್ವಂತದ್ದು, ಸಿಮೆಂಟೂ ಸ್ವಂತದ್ದು. ಹಾಗಿದ್ದೂ 2013ರಲ್ಲಿ ಹುಟ್ಟಿದ ಈ ಕ್ಲಬ್ಬಿಗೆ ಸ್ವಂತ ಸ್ಟೇಡಿಯಂ ಇಲ್ಲ. ಮೊದಲು ಅಶೋಕನಗರದ ರಾಜ್ಯ ಫುಟ್ಬಾಲ್ ಸಂಸ್ಥೆಯ ಮೈದಾನದಲ್ಲಿ ಆಡಿತು, ಆಮೇಲೆ ಸರ್ಕಾರದ ಕಂಠೀರವಕ್ಕೆ ಹೋಯಿತು. ಇಷ್ಟು ದುಡ್ಡಿರುವವರು ಒಂದು ಸ್ಟೇಡಿಯಂ ಕಟ್ಟಿಕೊಳ್ಳಬಾರದಾ?

ಇದೇ ಪ್ರಶ್ನೆ ಸಣ್ಣ ಮಟ್ಟದಲ್ಲೂ ಇದೆ. ಕೌಲ್ ಬಜಾರಿನಲ್ಲೋ, ಸಿರುಗುಪ್ಪದಲ್ಲೋ, ಸಿಂಧನೂರಿನಲ್ಲೋ ಒಂದು ಕ್ಲಬ್ಬು ಚೆನ್ನಾಗಿ ಆಡಲು ಶುರು ಮಾಡಿದರೆ ಸಾಕು, ಯಾರಾದರೊಬ್ಬರು ‘ನಮ್ಮದೇ ಒಂದು ಗ್ರೌಂಡ್ ಇರಬೇಕಪ್ಪಾ’ ಅನ್ನುತ್ತಾರೆ. ಆಸೆ ಒಳ್ಳೆಯದೇ. ಆದರೆ ಸ್ಟೇಡಿಯಂ ಅಂದರೆ ಮೊದಲು ಅದು ಒಂದು ಸಾಲ. ಆಟ ಗೆದ್ದರೂ ಸೋತರೂ ಕಂತು ಕಟ್ಟಲೇಬೇಕಾದ ಸಾಲ.

ನಾನು ಇಲ್ಲಿ ನಾಲ್ಕು ದಾರಿಗಳನ್ನು ಹೋಲಿಸುತ್ತೇನೆ: ಹೊಸದಾಗಿ ಸ್ವಂತದ್ದು ಕಟ್ಟುವುದು, ಸರ್ಕಾರದ ಮೈದಾನವನ್ನು ಬಾಡಿಗೆಗೆ ಹಿಡಿಯುವುದು, ಜಾಗ ಮಾತ್ರ ದೀರ್ಘ ಗುತ್ತಿಗೆಗೆ ಪಡೆದು ಕಟ್ಟುವುದು, ಇರುವುದನ್ನೇ ಗ್ಯಾಲರಿ ಗ್ಯಾಲರಿಯಾಗಿ ಬೆಳೆಸುವುದು. ಎಲ್ಲದಕ್ಕೂ ಒಂದೇ ಪರೀಕ್ಷೆ ಇಡುತ್ತೇನೆ. ತುಂಬಿದ ಗ್ಯಾಲರಿಯ ಫೋಟೋ ಪಕ್ಕಕ್ಕಿಡಿ. ಕ್ಲಬ್ಬು ಅತಿ ಕೆಟ್ಟದಾಗಿ ಆಡಿದ ವರ್ಷ ಆ ಕಂತನ್ನು ಯಾರು ಕಟ್ಟುತ್ತಾರೆ? ಉತ್ತರ ಹೊಳೆಯದಿದ್ದರೆ ಅಡಿಗಲ್ಲು ಹಾಕಬೇಡಿ.

ದುಡ್ಡು ಬರುವ ಮೂರು ದಾರಿ

ದೊಡ್ಡ ಕ್ಲಬ್ಬಿನ ಆದಾಯದಲ್ಲಿ ಮೂರು ಭಾಗ. ಒಂದು, ಪಂದ್ಯದ ದಿನದ್ದು: ಟಿಕೆಟ್, ಬಾಕ್ಸ್ (ಗ್ಯಾಲರಿಯ ದುಬಾರಿ ಖಾಸಗಿ ಕೋಣೆ), ತಿಂಡಿ, ಪಾನೀಯ. ಎರಡು, ವ್ಯಾಪಾರದ್ದು: ಜರ್ಸಿ ಮೇಲಿನ ಹೆಸರು, ಜಾಹೀರಾತು, ಸ್ಟೇಡಿಯಂಗೆ ಹೆಸರಿಡುವ ಹಕ್ಕು. ಮೂರು, ಟಿವಿ ಹಣ. ಹೊಸ ಸ್ಟೇಡಿಯಂ ಮೊದಲನೆಯದನ್ನು ಚೆನ್ನಾಗಿ ಹೆಚ್ಚಿಸುತ್ತದೆ. ಎರಡನೆಯದಕ್ಕೆ ಒಂದಿಷ್ಟು ಬಲ ಕೊಡುತ್ತದೆ. ಮೂರನೆಯದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಒಂದು ಕ್ಲಬ್ಬಿನ ಹೆಚ್ಚಿನ ಆದಾಯ ಟಿವಿಯಿಂದ ಬರುತ್ತಿದ್ದರೆ, ಸ್ಟೇಡಿಯಂ ದೊಡ್ಡದಾದರೂ ಅದರ ಒಟ್ಟು ಲೆಕ್ಕ ನಾವಂದುಕೊಂಡಷ್ಟು ಬದಲಾಗುವುದಿಲ್ಲ.

ಖರ್ಚಿನ ಕಡೆ ಎರಡು ಬಗೆ ಇದೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಕಟ್ಟಿದ ವೆಚ್ಚವನ್ನು ಮೂವತ್ತು, ನಲವತ್ತು ವರ್ಷಕ್ಕೆ ಹಂಚಿ ಪ್ರತಿ ವರ್ಷ ಸವಕಳಿ ಎಂದು ಬರೆಯುತ್ತಾರೆ. ಅದು ಪುಸ್ತಕದ ಲೆಕ್ಕ, ಕೈಯಿಂದ ದುಡ್ಡು ಹೋಗುವುದಿಲ್ಲ. ಸಾಲದ ಅಸಲು, ಬಡ್ಡಿ ಮಾತ್ರ ನಿಜವಾಗಿ ಹೋಗುವ ದುಡ್ಡು. ಪುಸ್ತಕದಲ್ಲಿ ಲಾಭ ಕಾಣುತ್ತಿದ್ದರೂ ಆಟಗಾರನನ್ನು ಕೊಳ್ಳಲು ಬ್ಯಾಂಕಿನಲ್ಲಿ ರೊಕ್ಕ ಇಲ್ಲದಿರುವುದು ಇದರಿಂದಲೇ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮೂರು ವರ್ಷಕ್ಕೆ 10.5 ಕೋಟಿ ಪೌಂಡ್ ನಷ್ಟದ ಮಿತಿ ಹಾಕಿದಾಗ ಸ್ಟೇಡಿಯಂನ ಸವಕಳಿ, ಯುವ ಅಕಾಡೆಮಿ, ಮಹಿಳಾ ತಂಡದ ಖರ್ಚನ್ನು ಆ ಲೆಕ್ಕದಿಂದ ಹೊರಗಿಟ್ಟಿತು. ಕಟ್ಟುವವರಿಗೆ ಉತ್ತೇಜನ ಸಿಗಲಿ ಅಂತ. ಹಾಗಂತ ಎಲ್ಲವನ್ನೂ ಸ್ಟೇಡಿಯಂ ಹೆಸರಲ್ಲಿ ಬರೆಯಲು ಬಿಡುವುದಿಲ್ಲ. ಲಿವರ್‌ಪೂಲ್ ಊರಿನ ಎವರ್ಟನ್ ಕ್ಲಬ್ಬು ಕೆಲವು ಸಾಲದ ಬಡ್ಡಿಯನ್ನು ಹೊಸ ಸ್ಟೇಡಿಯಂ ಖಾತೆಗೆ ಸೇರಿಸಬೇಕು ಎಂದು ವಾದಿಸಿತು. ವಾದ ನಿಲ್ಲಲಿಲ್ಲ. ನಷ್ಟದ ಮಿತಿ ಮೀರಿದ್ದಕ್ಕೆ 2023ರ ನವೆಂಬರಿನಲ್ಲಿ ಲೀಗ್ ಪಟ್ಟಿಯಲ್ಲಿ ಅದರ 10 ಪಾಯಿಂಟ್ ಕಳೆದರು, ಮೇಲ್ಮನವಿ ಹಾಕಿದ ಮೇಲೆ ಅದು 6 ಆಯಿತು.

ಮುಂದೆ ಬರುವ ಅಂಕಿಗಳಿಗೆ ಒಂದು ಪೌಂಡ್ ಅಂದರೆ ಸುಮಾರು ನೂರು ರೂಪಾಯಿ ಎಂದು ಹಿಡಿಯಿರಿ. ಅಂದಾಜಿಗೆ ಸಾಕು.

ದಾರಿ 1: ಹೊಸದು, ಪೂರ್ತಿ ಸ್ವಂತದ್ದು

ಇದಕ್ಕೆ ಲಂಡನ್‌ನ ಅರ್ಸೆನಲ್ ಕ್ಲಬ್ಬಿಗಿಂತ ಒಳ್ಳೆಯ ಪಾಠ ಇಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಅದರ ಹಳೆ ಮೈದಾನ ಹೈಬರಿಯಲ್ಲಿ 38 ಸಾವಿರ ಜನಕ್ಕಷ್ಟೇ ಜಾಗ. ಸುತ್ತ ಮನೆಗಳು, ಬೆಳೆಸಲು ದಾರಿಯಿಲ್ಲ. 2006ರಲ್ಲಿ 60 ಸಾವಿರ ಸೀಟಿನ ಹೊಸ ಸ್ಟೇಡಿಯಂಗೆ ಹೋದರು. ಖರ್ಚು ಸುಮಾರು 39 ಕೋಟಿ ಪೌಂಡ್. ಅದರಲ್ಲಿ 26 ಕೋಟಿ ಸಾಲ. ಎಮಿರೇಟ್ಸ್ ವಿಮಾನ ಸಂಸ್ಥೆ ಸ್ಟೇಡಿಯಂ ಹೆಸರು ಮತ್ತು ಜರ್ಸಿಗೆ ಸೇರಿಸಿ 10 ಕೋಟಿ ಪೌಂಡ್ ಕೊಡಲು ಒಪ್ಪಿತು. ಹಳೆ ಹೈಬರಿಯನ್ನು ಫ್ಲ್ಯಾಟ್‌ಗಳಾಗಿ ಮಾಡಿ ಮಾರಿದರು.

ಫಲ ಕೂಡಲೇ ಕಂಡಿತು. ಹೈಬರಿಯ ಕೊನೆ ವರ್ಷ ಪಂದ್ಯದ ದಿನದ ಆದಾಯ ಸುಮಾರು 4.4 ಕೋಟಿ ಪೌಂಡ್ ಇತ್ತು. ಹೊಸ ಜಾಗದ ಮೊದಲ ವರ್ಷ ಅದು 9 ಕೋಟಿ ದಾಟಿತು. ಸೀಟು ಹೆಚ್ಚಿದ್ದು ಒಂದೂವರೆ ಪಟ್ಟು ಮಾತ್ರ, ಆದಾಯ ಎರಡು ಪಟ್ಟು. ಯಾಕೆಂದರೆ ಹೊಸ ಸೀಟುಗಳಲ್ಲಿ ಸಾವಿರಾರು ಸೀಟು ದುಬಾರಿ ಕ್ಲಬ್ ಮಹಡಿಯವು, ಜೊತೆಗೆ ಕಂಪನಿಗಳು ವರ್ಷಕ್ಕೆ ಹಿಡಿಯುವ ಬಾಕ್ಸ್‌ಗಳು. ಇದನ್ನು ಗಮನಿಸಿ. ಸಾಮಾನ್ಯ ಸೀಟಿನಿಂದ ಸಾಲ ತೀರುವುದು ನಿಧಾನ. ಲಂಡನ್‌ನಂಥ ಊರಿನಲ್ಲಿ ಬಾಕ್ಸ್ ಹಿಡಿಯುವ ಕಂಪನಿಗಳ ಸಾಲೇ ಇದೆ. ಎಲ್ಲ ಊರಿನಲ್ಲೂ ಇರುವುದಿಲ್ಲ.

ಹಾಗಾದರೆ ಅಭಿಮಾನಿಗಳು ಆ ವರ್ಷಗಳನ್ನು ನೆನೆಸಿಕೊಂಡು ಈಗಲೂ ಹಲ್ಲು ಕಡಿಯುವುದು ಯಾಕೆ? ತಂಡ ಕಟ್ಟುವ ದುಡ್ಡು ಕಲ್ಲು ಕಬ್ಬಿಣಕ್ಕೆ ಹೋಯಿತು. ದೊಡ್ಡ ಆಟಗಾರರು ಒಬ್ಬೊಬ್ಬರಾಗಿ ಬಿಟ್ಟರು: 2007ರಲ್ಲಿ ಆನ್ರಿ ಹೋದ. 2011ರಲ್ಲಿ ಫ್ಯಾಬ್ರೆಗಾಸ್, ನಾಸ್ರಿ. 2012ರಲ್ಲಿ ವಾನ್ ಪರ್ಸಿ, ಅದೂ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ. 2005ರ ಎಫ್‌ಎ ಕಪ್ ಆದ ಮೇಲೆ ಮುಂದಿನ ದೊಡ್ಡ ಕಪ್ಪು ಕೈಗೆ ಬಂದದ್ದು 2014ರಲ್ಲಿ. ಕೋಚ್ ಆರ್ಸೆನ್ ವೆಂಗರ್ ಪ್ರತಿ ವರ್ಷ ಯುರೋಪಿನ ದೊಡ್ಡ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್‌ಗೆ ಹೋಗುವಷ್ಟು ಮೇಲೆ ತಂಡವನ್ನು ಹಿಡಿದಿಟ್ಟರು. ಆ ಲೀಗಿನ ಹಣ ಕಂತಿಗೆ ಬೇಕೇ ಬೇಕಿತ್ತು. ನನ್ನ ಪ್ರಕಾರ ಕಪ್ಪಿಲ್ಲದ ಆ ವರ್ಷಗಳೇ ಅವರ ದೊಡ್ಡ ಸಾಧನೆ, ಅಭಿಮಾನಿಗಳು ಒಪ್ಪಲಿಕ್ಕಿಲ್ಲ.

ಇನ್ನೊಂದು ಪೆಟ್ಟು ಹೊರಗಿನಿಂದ ಬಂತು. ಟಿಕೆಟ್ ಆದಾಯ ದುಪ್ಪಟ್ಟಾದರೆ ಎಲ್ಲರನ್ನೂ ಹಿಂದೆ ಹಾಕಬಹುದು ಎನ್ನುವುದು ಹಳೆ ಲೆಕ್ಕ. ಅಷ್ಟರಲ್ಲಿ 2003ರಲ್ಲಿ ಚೆಲ್ಸಿಗೆ, 2008ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಶ್ರೀಮಂತ ಮಾಲೀಕರು ಬಂದರು. ಟಿವಿ ಹಣ ಏರುತ್ತಲೇ ಹೋಯಿತು, ಅದು ಸ್ಟೇಡಿಯಂ ಇಲ್ಲದವರಿಗೂ ಸಿಕ್ಕಿತು. ಕೈಗೆ ಬೇಗ ದುಡ್ಡು ಬೇಕೆಂದು ಅರ್ಸೆನಲ್ ಜಾಹೀರಾತಿನ ಒಪ್ಪಂದಗಳನ್ನು ದೀರ್ಘ ಕಾಲಕ್ಕೆ ಮಾಡಿಕೊಂಡಿತ್ತು. ಮಾರುಕಟ್ಟೆ ಬೆಲೆ ಏರಿದಾಗ ಹಳೆ ದರಕ್ಕೇ ಕಟ್ಟುಬಿದ್ದಿತ್ತು. ಇಂದಿನ ದುಡ್ಡಿಗಾಗಿ ನಾಳೆಯ ಹಕ್ಕು ಮಾರುವುದು ಕಟ್ಟುವ ಕ್ಲಬ್ಬುಗಳೆಲ್ಲ ಬೀಳುವ ಗುಂಡಿ.

ಲಂಡನ್‌ನ ಇನ್ನೊಂದು ಕ್ಲಬ್ಬು ಟಾಟನ್‌ಹ್ಯಾಮ್ ಅದೇ ದಾರಿಯನ್ನು ಇನ್ನೂ ದೊಡ್ಡದಾಗಿ ತುಳಿಯಿತು. 2019ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದ ಸ್ಟೇಡಿಯಂಗೆ 62 ಸಾವಿರಕ್ಕೂ ಹೆಚ್ಚು ಸೀಟು, ಖರ್ಚು ಸುಮಾರು 100 ಕೋಟಿ ಪೌಂಡ್. 2018ರ ಬೇಸಿಗೆಯಲ್ಲಿ ಒಬ್ಬನೇ ಒಬ್ಬ ಆಟಗಾರನನ್ನೂ ಕೊಳ್ಳಲಿಲ್ಲ. ವಿಚಿತ್ರ ನೋಡಿ, ಅದೇ ಸೀಸನ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಹೋದರು. ಆದರೆ ತಂಡ ಹಳತಾಗಿತ್ತು, 2019ರ ನವೆಂಬರ್ ಹೊತ್ತಿಗೆ ಕೋಚ್ ಕೆಲಸ ಹೋಯಿತು.

ಅವರು ಅರ್ಸೆನಲ್‌ಗಿಂತ ಎರಡು ಕೆಲಸ ಚೆನ್ನಾಗಿ ಮಾಡಿದರು. ಒಂದು, ಖಾಲಿ ದಿನಗಳನ್ನು ಮಾರಿದರು. ಹುಲ್ಲಿನ ನೆಲ ಮೂರು ತುಂಡಾಗಿ ಗ್ಯಾಲರಿಯ ಕೆಳಗೆ ಜರುಗುತ್ತದೆ. ಅದರಡಿಯಲ್ಲಿ ಅಮೆರಿಕನ್ ಫುಟ್ಬಾಲ್‌ಗೆ ಬೇರೆ ನೆಲ ಇದೆ. ಆ ಆಟದ ಲೀಗ್ ಆದ ಎನ್‌ಎಫ್‌ಎಲ್ ಜೊತೆ ಹತ್ತು ವರ್ಷದ ಒಪ್ಪಂದವನ್ನು ಕಟ್ಟುವ ಮುಂಚೆಯೇ ಮಾಡಿಕೊಂಡಿದ್ದರು. ಸಂಗೀತ ಕಾರ್ಯಕ್ರಮ, ಬಾಕ್ಸಿಂಗ್ ಎಲ್ಲ ನಡೆಯುತ್ತವೆ. ಎರಡು, ಚಿಕ್ಕ ಅವಧಿಯ ಬ್ಯಾಂಕ್ ಸಾಲದಲ್ಲಿ 52.5 ಕೋಟಿ ಪೌಂಡನ್ನು 2019ರಲ್ಲೇ ದೀರ್ಘ ಅವಧಿಯ ಕಡಿಮೆ ಬಡ್ಡಿಯ ಸಾಲವಾಗಿ ಬದಲಿಸಿಕೊಂಡರು. ಕೆಲವೇ ತಿಂಗಳಲ್ಲಿ ಕೊರೋನಾ ಬಂತು, ಗ್ಯಾಲರಿ ಖಾಲಿ. ಬ್ಯಾಂಕ್ ಆಫ್ ಇಂಗ್ಲೆಂಡ್‌ನಿಂದ 17.5 ಕೋಟಿ ಪೌಂಡ್ ತುರ್ತು ಸಾಲ ಎತ್ತಬೇಕಾಯಿತು. ಹಳೆಯ ಚಿಕ್ಕ ಸಾಲವೇ ತಲೆ ಮೇಲಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

2024-25ರಲ್ಲಿ ಅದೇ ಕ್ಲಬ್ಬು ಲೀಗ್‌ನಲ್ಲಿ 17ನೇ ಸ್ಥಾನಕ್ಕೆ ಇಳಿಯಿತು. ಇನ್ನೊಂದು ಮೆಟ್ಟಿಲು ಇಳಿದಿದ್ದರೆ ಕೆಳಗಿನ ಲೀಗ್. ಯುರೋಪಾ ಲೀಗ್ ಎಂಬ ಇನ್ನೊಂದು ಯುರೋಪಿನ ಕಪ್ಪು ಗೆದ್ದು ಮಾನ, ಮುಂದಿನ ವರ್ಷದ ಆದಾಯ ಎರಡನ್ನೂ ಉಳಿಸಿಕೊಂಡಿತು. ನಾನು ಹೇಳಿದ ಪರೀಕ್ಷೆ ಇದೇ. ಕೆಟ್ಟ ವರ್ಷ ಯಾರಿಗಾದರೂ ಬರುತ್ತದೆ. ಫುಟ್ಬಾಲ್ ಬಿಟ್ಟು ಬೇರೆ ಆದಾಯ ಇದ್ದವರು ಅದನ್ನು ದಾಟುತ್ತಾರೆ.

ದಾಟದವರೂ ಇದ್ದಾರೆ. ಸ್ಪೇನ್‌ನ ವೇಲೆನ್ಸಿಯಾ ಕ್ಲಬ್ಬು 2007ರಲ್ಲಿ ಹೊಸ ಸ್ಟೇಡಿಯಂ ಶುರು ಮಾಡಿತು. ಹಳೆ ಮೈದಾನದ ಜಾಗ ಮಾರಿ ಹಣ ತುಂಬುವ ಯೋಜನೆ. 2008ರಲ್ಲಿ ಸ್ಪೇನ್‌ನ ಭೂಮಿ ಬೆಲೆ ಕುಸಿಯಿತು, ಕೊಳ್ಳುವವರಿಲ್ಲ. 2009ರ ಫೆಬ್ರವರಿಯಲ್ಲಿ ಕೆಲಸ ನಿಂತಿತು. ವಿಯಾ, ಸಿಲ್ವಾ, ಮಾಟಾರಂಥ ಆಟಗಾರರು ಒಬ್ಬೊಬ್ಬರಾಗಿ ಮಾರಾಟವಾದರು. ಕಾಂಕ್ರೀಟಿನ ಅಸ್ಥಿಪಂಜರ ಹಾಗೇ ನಿಂತಿತ್ತು. ಮತ್ತೆ ಕೆಲಸ ಶುರುವಾದದ್ದು 2025ರ ಜನವರಿಯಲ್ಲಿ. ಹಳೇ ಜಾಗಕ್ಕೆ ದುಡ್ಡು ಬರುವ ಮುಂಚೆ ಹೊಸದರ ಬುನಾದಿ ತೋಡಿದರೆ ಹೀಗಾಗುತ್ತದೆ. ಬಳ್ಳಾರಿ, ಹೊಸಪೇಟೆಗಳಲ್ಲಿ ಗಣಿಗಾರಿಕೆ ಜೋರಾಗಿದ್ದಾಗ ಸೈಟಿನ ಬೆಲೆ ಎಷ್ಟಿತ್ತು, ಅದಿರು ನಿಂತ ಮೇಲೆ ಏನಾಯಿತು ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಗ್ಲೆಂಡಿನ ಡಾರ್ಲಿಂಗ್ಟನ್ ಕಥೆ ಇನ್ನೂ ಕೆಟ್ಟದು. ಕೆಲವೇ ಸಾವಿರ ಜನ ಬರುವ ಕ್ಲಬ್ಬಿಗೆ ಮಾಲೀಕ 2003ರಲ್ಲಿ 25 ಸಾವಿರ ಸೀಟಿನ ಸ್ಟೇಡಿಯಂ ಕಟ್ಟಿಸಿದ. ಅದೇ ವರ್ಷ ಕ್ಲಬ್ಬು ದಿವಾಳಿಯ ಹಾದಿ ಹಿಡಿದು ಆಡಳಿತಾಧಿಕಾರಿಯ ಕೈಗೆ ಹೋಯಿತು. 2009ರಲ್ಲಿ ಇನ್ನೊಮ್ಮೆ, 2012ರಲ್ಲಿ ಮತ್ತೊಮ್ಮೆ. ಕೊನೆಗೆ ಅಭಿಮಾನಿಗಳೇ ಹೊಸ ಹೆಸರಲ್ಲಿ, ಕೆಳಗಿನ ಲೀಗ್‌ನಿಂದ ಮತ್ತೆ ಶುರು ಮಾಡಬೇಕಾಯಿತು. ‘ಕಟ್ಟಿದರೆ ಜನ ತಾವಾಗಿ ಬರ್ತಾರೆ’ ಅನ್ನುವವರಿಗೆ ಈ ಊರಿನ ಹೆಸರು ಹೇಳಿ.

ದಾರಿ 2: ಸರ್ಕಾರದ ಮೈದಾನ, ಬಾಡಿಗೆಗೆ

ಬಾಡಿಗೆಯನ್ನು ಜನ ಅವಮಾನ ಎಂಬಂತೆ ನೋಡುತ್ತಾರೆ. ನಮ್ಮ ಬಳ್ಳಾರಿಯ ಜೀನ್ಸ್ ಕಸುಬಿನವರನ್ನು ನೋಡಿ. ಆರ್ಡರ್ ಏರಿಳಿಯುವ ಧಂದೆಯಲ್ಲಿ ಬಾಡಿಗೆ ಶೆಡ್ಡಿನಲ್ಲಿ ಮಿಷನ್ ಹಾಕಿದವರು ಆರ್ಡರ್ ಇಲ್ಲದ ತಿಂಗಳಲ್ಲಿ ಉಸಿರಾಡುತ್ತಾರೆ, ಸಾಲ ಮಾಡಿ ಶೆಡ್ಡು ಕಟ್ಟಿದವರು ಬ್ಯಾಂಕಿನ ಫೋನಿಗೆ ಹೆದರುತ್ತಾರೆ. ಫುಟ್ಬಾಲೂ ಏರಿಳಿಯುವ ಧಂದೆಯೇ ಅಲ್ವಾ?

ಬಾಡಿಗೆದಾರನಿಗೆ ಸಿಕ್ಕ ಅತಿ ಸಲೀಸಾದ ಒಪ್ಪಂದ ಲಂಡನ್‌ನ ವೆಸ್ಟ್ ಹ್ಯಾಮ್ ಕ್ಲಬ್ಬಿನದು. 2012ರ ಒಲಿಂಪಿಕ್ಸ್‌ಗೆ ಕಟ್ಟಿದ ಸ್ಟೇಡಿಯಂಗೆ 2016ರಲ್ಲಿ ಹೋಯಿತು. 99 ವರ್ಷದ ಗುತ್ತಿಗೆ. ಬಾಡಿಗೆ ವರ್ಷಕ್ಕೆ 25 ಲಕ್ಷ ಪೌಂಡ್, ಹಣದುಬ್ಬರಕ್ಕೆ ತಕ್ಕಂತೆ ಏರಿಕೆ. ಕೆಳಗಿನ ಲೀಗ್‌ಗೆ ಜಾರಿದರೆ ಬಾಡಿಗೆ ಅರ್ಧ! ಕೆಟ್ಟ ವರ್ಷದ ವಿಮೆ ಒಪ್ಪಂದದೊಳಗೇ ಇದೆ. ಒಲಿಂಪಿಕ್ಸ್ ಸ್ಟೇಡಿಯಂ ಅನ್ನು ಫುಟ್ಬಾಲ್‌ಗೆ ತಕ್ಕಂತೆ ಮಾರ್ಪಡಿಸಲು ಒಟ್ಟು 32.3 ಕೋಟಿ ಪೌಂಡ್ ಆಯಿತು, ಕ್ಲಬ್ಬು ಕೊಟ್ಟದ್ದು 1.5 ಕೋಟಿ. ಓಟದ ಟ್ರ್ಯಾಕ್ ಬೇಕಾದಾಗ ಸೀಟು ಹಿಂದೆ ಸರಿಸಲು ವರ್ಷಕ್ಕೆ 3 ಲಕ್ಷ ಪೌಂಡ್ ಆದೀತು ಎಂದುಕೊಂಡಿದ್ದರು, ಅದು 80 ಲಕ್ಷದ ಹತ್ತಿರ ಹೋಯಿತು. ಅದನ್ನೂ ತೆರಿಗೆ ಕಟ್ಟುವವರೇ ಹೊತ್ತರು. ಕ್ಲಬ್ಬಿಗೆ ಲಾಭ, ಲಂಡನ್ ಜನರಿಗೆ ನಷ್ಟ. ಆದರೆ ಕ್ಲಬ್ಬಿಗೂ ಒಂದು ಮಿತಿ ಇದೆ. ಸ್ಟೇಡಿಯಂ ತನ್ನದಲ್ಲದ್ದರಿಂದ ಟಾಟನ್‌ಹ್ಯಾಮ್‌ನಂತೆ ಖಾಲಿ ದಿನಗಳನ್ನು ತಾನೇ ಮಾರಿಕೊಳ್ಳಲು ಆಗುವುದಿಲ್ಲ. ಅಭಿಮಾನಿಗಳಿಗೂ ಆಟ ದೂರ, ನಡುವೆ ಟ್ರ್ಯಾಕ್‌ನ ಜಾಗ.

ಕಂಠೀರವಕ್ಕೂ ಅದೇ ಕಾಯಿಲೆ. ಅದು ಅಥ್ಲೆಟಿಕ್ಸ್‌ಗೂ ಸೇರಿದ ಸ್ಟೇಡಿಯಂ. ಓಟಗಾರರಿಗೂ ಫುಟ್ಬಾಲ್‌ಗೂ ಜಾಗದ ತಕರಾರು ಬಂದು ಹೈಕೋರ್ಟ್ ಮೆಟ್ಟಿಲು ಹತ್ತಿತ್ತು. ಬಾಡಿಗೆದಾರನಿಗೆ ದೊಡ್ಡ ಅಪಾಯ ಬಾಡಿಗೆಯ ಮೊತ್ತವಲ್ಲ, ನಾಳೆ ಮೈದಾನ ಸಿಗುತ್ತದೋ ಇಲ್ಲವೋ ಎನ್ನುವ ಅನುಮಾನ. ಕೋಲ್ಕತ್ತದ ಹಳೆ ಕ್ಲಬ್ಬುಗಳಿಗೆ ಇದು ಬೇರೆ ರೂಪದಲ್ಲಿದೆ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್‌ಗೆ ನಗರದ ಮೈದಾನ ಪ್ರದೇಶದಲ್ಲಿ ತಮ್ಮದೇ ಮೈದಾನಗಳಿವೆ, ಆದರೆ ನೆಲ ಸೇನೆಯದು. ದೊಡ್ಡ ಗ್ಯಾಲರಿ ಎಬ್ಬಿಸುವ ಹಾಗಿಲ್ಲ. ದೊಡ್ಡ ಪಂದ್ಯಕ್ಕೆ ರಾಜ್ಯ ಸರ್ಕಾರದ ಸಾಲ್ಟ್ ಲೇಕ್ ಸ್ಟೇಡಿಯಂಗೇ ಹೋಗಬೇಕು.

ಸಣ್ಣವರು ಕಲಿಯಬೇಕಾದ ಒಪ್ಪಂದ ಮ್ಯಾಂಚೆಸ್ಟರ್ ಸಿಟಿ 2003ರಲ್ಲಿ ನಗರಸಭೆಯೊಂದಿಗೆ ಮಾಡಿಕೊಂಡದ್ದು. ಹಳೆ ಮೈದಾನದಲ್ಲಿ ಹಿಡಿಯುತ್ತಿದ್ದಷ್ಟು ಜನ ಬರುವವರೆಗೆ ಟಿಕೆಟ್ ದುಡ್ಡು ಕ್ಲಬ್ಬಿನದು. ಅದಕ್ಕಿಂತ ಜಾಸ್ತಿ ಬಂದವರ ಟಿಕೆಟ್‌ನಲ್ಲಿ ನಗರಸಭೆಗೆ ಪಾಲು. ಜನ ಬಂದರೆ ಇಬ್ಬರಿಗೂ ಲಾಭ, ಬರದಿದ್ದರೆ ಬಾಡಿಗೆಯ ಭಾರವೂ ಇಲ್ಲ. ಕ್ಲಬ್ಬು ಶ್ರೀಮಂತವಾದ ಮೇಲೆ ಅದನ್ನು ನಿಗದಿತ ಮೊತ್ತಕ್ಕೆ ಬದಲಿಸಿದರು. ಅದೂ ಸರಿಯೇ.

ದಾರಿ 3: ಜಾಗ ಗುತ್ತಿಗೆಗೆ, ಕಟ್ಟಡ ನಮ್ಮದು

ಇಟಲಿಯ ಯುವೆಂಟಸ್ ಕ್ಲಬ್ಬು ಮಾಡಿದ್ದು ಇದನ್ನೇ. ಟ್ಯೂರಿನ್ ನಗರಸಭೆಯಿಂದ 99 ವರ್ಷಕ್ಕೆ ಜಾಗ ಪಡೆಯಿತು. 69 ಸಾವಿರ ಸೀಟಿನ, ಅರ್ಧಕ್ಕರ್ಧ ಖಾಲಿ ಇರುತ್ತಿದ್ದ ಹಳೆ ಸ್ಟೇಡಿಯಂ ಕೆಡವಿ ಸುಮಾರು 41 ಸಾವಿರ ಸೀಟಿನದನ್ನು ಕಟ್ಟಿತು. 2011ರಲ್ಲಿ ತೆರೆಯಿತು, ಖರ್ಚು 15.5 ಕೋಟಿ ಯೂರೋ ಆಸುಪಾಸು. ಸೀಟು ಕಡಿಮೆಯಾದರೂ ಪಂದ್ಯದ ದಿನದ ಆದಾಯ ಒಂದೇ ವರ್ಷದಲ್ಲಿ ಎರಡೂವರೆ ಪಟ್ಟು ದಾಟಿತು. ಟಿಕೆಟ್ ಸಿಗುವುದು ಕಷ್ಟ ಎಂದಾದಾಗ ಜನ ಮೊದಲೇ ಕೊಳ್ಳುತ್ತಾರೆ. ಹೆಸರಿನ ಹಕ್ಕನ್ನು ಮುಂಚೆಯೇ ಮಾರಿ ಖರ್ಚಿನ ದೊಡ್ಡ ಪಾಲು ತುಂಬಿಕೊಂಡಿದ್ದರು. ಜೊತೆಗೆ ಅದೇ ವರ್ಷದಿಂದ ಸತತ ಒಂಬತ್ತು ಬಾರಿ ಲೀಗ್ ಗೆದ್ದರು. ಎಲ್ಲವೂ ಸ್ಟೇಡಿಯಂನಿಂದಲೇ ಅನ್ನಲಾಗದು, ಆದರೆ ಹೊಂದಿಕೆ ಚೆನ್ನಾಗಿತ್ತು. ನಾಲ್ಕು ದಾರಿಗಳಲ್ಲಿ ಮಧ್ಯಮ ಕ್ಲಬ್ಬಿಗೆ ನನಗೆ ಹಿಡಿಸುವುದು ಇದು.

ಇಬ್ಬರು ಸೇರಿ ಕಟ್ಟುವುದು ಇದರ ಇನ್ನೊಂದು ರೂಪ. ಮ್ಯೂನಿಕ್‌ನಲ್ಲಿ ಬಾಯರ್ನ್ ಮತ್ತು ‘1860’ ಎಂಬ ಹೆಸರಿನ ಕ್ಲಬ್ಬುಗಳು ಅರ್ಧ ಅರ್ಧ ಪಾಲಿನಲ್ಲಿ ಸ್ಟೇಡಿಯಂ ಕಟ್ಟಿದವು, 34 ಕೋಟಿ ಯೂರೋ, 2005ರಲ್ಲಿ ಬಾಗಿಲು ತೆರೆಯಿತು. ತೆರೆಯುವ ಮುಂಚೆಯೇ 1860 ಎರಡನೇ ಲೀಗ್‌ಗೆ ಜಾರಿತ್ತು. ಕಂತು ಮಾತ್ರ ಒಂದನೇ ಲೀಗಿನದೇ. 2006ರಲ್ಲಿ ತನ್ನ ಪಾಲನ್ನು ಬಾಯರ್ನ್‌ಗೆ 1.1 ಕೋಟಿ ಯೂರೋಗೆ ಮಾರಿ, ತಾನು ಕಟ್ಟಿದ ಮನೆಯಲ್ಲೇ ಬಾಡಿಗೆದಾರನಾಯಿತು. 2017ರಲ್ಲಿ ಅದೂ ಮುಗಿಯಿತು. ಬಾಯರ್ನ್ ಗಡುವಿಗಿಂತ ಬಹಳ ಮುಂಚೆ, 2014ರಲ್ಲೇ ಸಾಲ ತೀರಿಸಿತು. ಅದಕ್ಕೆ ಅಲಿಯಾನ್ಜ್ ಕಂಪನಿಗೆ ಕ್ಲಬ್ಬಿನ ಷೇರು ಮಾರಿದ 11 ಕೋಟಿ ಯೂರೋ ನೆರವಾಯಿತು. ಒಂದೇ ಸ್ಟೇಡಿಯಂ, ಒಂದೇ ಸಾಲ. ಒಬ್ಬನಿಗೆ ಆಸ್ತಿ, ಇನ್ನೊಬ್ಬನಿಗೆ ಶೂಲ.

ದಾರಿ 4: ಇರುವುದನ್ನೇ ಬೆಳೆಸುವುದು

ಲಿವರ್‌ಪೂಲ್ ಹೊಸ ಸ್ಟೇಡಿಯಂ ಕನಸನ್ನು ವರ್ಷಗಟ್ಟಲೆ ಕಂಡು, 2012ರಲ್ಲಿ ಕೈಬಿಟ್ಟು, ತನ್ನ ಹಳೆ ಮೈದಾನ ಆನ್‌ಫೀಲ್ಡ್ ಅನ್ನೇ ಬೆಳೆಸಿತು. 2016ರಲ್ಲಿ ಮುಖ್ಯ ಗ್ಯಾಲರಿಗೆ ಸುಮಾರು 8,500 ಸೀಟು ಸೇರಿತು. ಆಮೇಲೆ ಇನ್ನೊಂದು ಬದಿ. ಈಗ ಒಟ್ಟು 61 ಸಾವಿರದ ಹತ್ತಿರ. ಒಂದು ಗ್ಯಾಲರಿಯ ಸಾಲ ಹಗುರಾದ ಮೇಲೆ ಮುಂದಿನದು, ಕೆಲಸ ನಡೆಯುವಾಗಲೂ ಉಳಿದ ಮೂರು ಬದಿಯಿಂದ ಟಿಕೆಟ್ ದುಡ್ಡು. ತೊಂದರೆ ಇಲ್ಲದೇ ಇಲ್ಲ. 2023ರಲ್ಲಿ ಎರಡನೇ ಗ್ಯಾಲರಿಯ ಗುತ್ತಿಗೆದಾರ ಕಂಪನಿ ನಡುವೆಯೇ ದಿವಾಳಿಯಾಯಿತು, ಮೇಲಿನ ಹಂತ ತಡವಾಯಿತು. ಆದರೂ ಕ್ಲಬ್ಬು ಅಲುಗಾಡಲಿಲ್ಲ. ಪೂರ್ತಿ ಸ್ಟೇಡಿಯಂಗೆ ಹೀಗಾಗಿದ್ದಿದ್ದರೆ?

ಅದೇ ಊರಿನ ಎವರ್ಟನ್ ಹಡಗುಕಟ್ಟೆಯಲ್ಲಿ ಹೊಸ ಸ್ಟೇಡಿಯಂ ಕಟ್ಟಿ 2025ರಲ್ಲಿ ಹೋಯಿತು. ಲಿವರ್‌ಪೂಲ್‌ನ ಹಡಗುಕಟ್ಟೆ ಪ್ರದೇಶ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಿಂದ ಹೊರಬೀಳಲು ಈ ಸ್ಟೇಡಿಯಂ ಯೋಜನೆಯೂ ಒಂದು ಕಾರಣ. ನಮ್ಮ ಕಡೆ ಇದು ಹೊಸ ವಿಷಯ ಅಲ್ಲ. ಆನೆಗೊಂದಿಯ ಸೇತುವೆ ಕೆಲಸದಿಂದಾಗಿ ಹಂಪಿ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿತ್ತು. ಗಂಗಾವತಿ ಕಡೆ, ಕೊಪ್ಪಳ ಜಿಲ್ಲೆಯ ಆ ಭಾಗದಲ್ಲಿ ಏನೇ ಕಟ್ಟಲು ಹೊರಟರೂ ಪರವಾನಗಿಯ ಕಾಲವನ್ನು ಬಡ್ಡಿಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಈಗ ನಮ್ಮ ಲೆಕ್ಕ

ಬೆಂಗಳೂರು ಎಫ್‌ಸಿ ತೋರಣಗಲ್ಲಿನಲ್ಲಿ ಕಟ್ಟಬಾರದೇ ಎಂದರೆ, ನನ್ನ ಉತ್ತರ ಬೇಡ ಎಂದೇ. ಟಿಕೆಟ್ ಕೊಳ್ಳುವವರು ಬೆಂಗಳೂರಿನಲ್ಲಿದ್ದಾರೆ, ಸುಮಾರು 300 ಕಿಲೋಮೀಟರ್ ದೂರ. ಜೆಮ್‌ಶೆಡ್‌ಪುರದ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ ಟಾಟಾ ಸ್ಟೀಲ್‌ನ ಸ್ಟೇಡಿಯಂ ಮೊದಲೇ ಇತ್ತು, ಕ್ಲಬ್ಬು ಹುಟ್ಟಿದ್ದು 2017ರಲ್ಲಿ. ಕ್ಲಬ್ಬಿನ ತಲೆ ಮೇಲೆ ಕಟ್ಟಡದ ಹೊಸ ಸಾಲ ಬರಲಿಲ್ಲ, ಊರಿನ ಜನವೇ ನೋಡುಗರು.

ಬೆಂಗಳೂರಿನಲ್ಲೇ ಕಟ್ಟಿದರೆ? ಪ್ರೀಮಿಯರ್ ಲೀಗ್‌ನಲ್ಲಿ ಊರಿನಲ್ಲಿ 19 ಲೀಗ್ ಪಂದ್ಯ, ಮೇಲೆ ಕಪ್ ಪಂದ್ಯ. ನಮ್ಮ ದೇಶದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 2024-25ರಲ್ಲಿ 12. ಉಳಿದ ದಿನ ಬಾಗಿಲು ಮುಚ್ಚಿರುತ್ತದೆ. 2025ರಲ್ಲಂತೂ ಲೀಗ್ ನಡೆಯುವುದೇ ಅನುಮಾನ ಎಂಬಂತಾಗಿ, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಆ ತಿಂಗಳು ಸ್ಟೇಡಿಯಂನ ಕಂತೂ ಇದ್ದಿದ್ದರೆ ಎಂದು ಯೋಚಿಸಿ. ಲೀಗ್ ಸ್ಥಿರವಾಗದೆ ಕಟ್ಟುವುದು ಬುದ್ಧಿವಂತಿಕೆಯಲ್ಲ. ಬಾಡಿಗೆಯೇ ಸರಿ.

ಜಿಲ್ಲಾ ಮಟ್ಟದ ಕ್ಲಬ್ಬಿಗೆ ಬರೋಣ. ಸುಮ್ನೆ ಒಂದು ಲೆಕ್ಕ ಹಾಕಿ. ಐದು ಸಾವಿರ ಸೀಟಿನ ಮೈದಾನಕ್ಕೆ 10 ಕೋಟಿ ರೂಪಾಯಿ ಸಾಲ, ಶೇಕಡಾ 10 ಬಡ್ಡಿ, 15 ವರ್ಷ. ತಿಂಗಳ ಕಂತು ಸುಮಾರು 10.75 ಲಕ್ಷ. ವರ್ಷಕ್ಕೆ 1.29 ಕೋಟಿ. ವರ್ಷಕ್ಕೆ 12 ಪಂದ್ಯ ಊರಲ್ಲಿ ಆಡಿದರೆ, ಒಂದೊಂದು ಪಂದ್ಯವೂ ಖರ್ಚು ಕಳೆದು 10.75 ಲಕ್ಷ ಉಳಿಸಬೇಕು. ಟಿಕೆಟ್ 100 ರೂಪಾಯಿ ಇಟ್ಟು ಐದು ಸಾವಿರ ಸೀಟೂ ಭರ್ತಿಯಾದರೆ ಬರುವುದು 5 ಲಕ್ಷ. ಪ್ರತಿ ಪಂದ್ಯ ತುಂಬಿದರೂ ಅರ್ಧ ಕಂತಿಗೂ ಸಾಲದು. ಟಿಕೆಟ್ ದರ ಏರಿಸಿ ನೋಡೋಣ ಅಂದರೆ, ಬಳ್ಳಾರಿಯಲ್ಲಿ ಜಿಲ್ಲಾ ಲೀಗ್ ಪಂದ್ಯಕ್ಕೆ 250 ರೂಪಾಯಿ ಕೊಟ್ಟು ಯಾರು ಬರುತ್ತಾರೆ?

ಇದರ ಮೇಲೆ ನಮ್ಮ ನೆಲದ ಖರ್ಚು ಬೇರೆ. ರಾಯಚೂರು, ಸಿಂಧನೂರು, ಸಿರುಗುಪ್ಪ ಕಡೆ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಗ್ಯಾಲರಿಯ ಬುನಾದಿ ಆಳಕ್ಕೆ ಹೋಗಬೇಕು, ಆಟದ ನೆಲಕ್ಕೆ ಎರೆ ತೆಗೆದು ಮರಳು, ಗರಸು ತುಂಬಬೇಕು. ಮಸಾರಿ ನೆಲ ಸಿಕ್ಕರೆ ಅದೃಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ ಪಂದ್ಯ ಇಡಲಾಗದು. ಹಾಗಾಗಿ ಫ್ಲಡ್‌ಲೈಟ್ ಬೇಕು. ಹುಲ್ಲಿಗೆ ನೀರು ಬೇಕು, ಅದೂ ಕಾಲುವೆಗೆ ನೀರು ನಿಲ್ಲಿಸುವ ಬೇಸಿಗೆಯಲ್ಲೇ ಜಾಸ್ತಿ. ಇವೆಲ್ಲ ಕಂತಿನ ಜೊತೆಗೆ ಬರುವ ಖರ್ಚು, ಕಂತಿನ ಬದಲಿಗಲ್ಲ.

ಹಾಗಂತ ಸಣ್ಣ ಕ್ಲಬ್ಬು ಕಟ್ಟಲೇಬಾರದು ಅಂತಲ್ಲ. ಕಟ್ಟಿ ಗೆದ್ದವರಿದ್ದಾರೆ, ಅವರು ಬ್ಯಾಂಕ್ ಸಾಲವನ್ನೇ ನಂಬದೆ ಬೇರೆ ದಾರಿ ಹಿಡಿದರು. ಇಂಗ್ಲೆಂಡಿನ ಬರ್ಟನ್ ಆಲ್ಬಿಯನ್‌ಗೆ ಪಿರೆಲ್ಲಿ ಟೈರ್ ಕಂಪನಿ ಜಾಗ ಕೊಟ್ಟಿತು, ಬದಲಿಗೆ ಸ್ಟೇಡಿಯಂಗೆ ತನ್ನ ಹೆಸರು ಇಡಿಸಿಕೊಂಡಿತು. 72 ಲಕ್ಷ ಪೌಂಡ್‌ನಲ್ಲಿ ಏಳು ಸಾವಿರ ಜನ ಹಿಡಿಯುವ ಸ್ಟೇಡಿಯಂ 2005ರಲ್ಲಿ ಎದ್ದಿತು. ಆಗ ವೃತ್ತಿಪರ ಲೀಗ್‌ನ ಹೊರಗಿದ್ದ ಕ್ಲಬ್ಬು 2016ರಲ್ಲಿ ಎರಡನೇ ದರ್ಜೆಯ ಲೀಗ್‌ಗೆ ಏರಿತು. ಬರ್ಲಿನ್‌ನ ಯೂನಿಯನ್ ಕ್ಲಬ್ಬಿನ ಹಳೆ ಸ್ಟೇಡಿಯಂ ಕುಸಿಯುವ ಸ್ಥಿತಿಗೆ ಬಂದಾಗ 2008-09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಶ್ರಮದಾನ ಮಾಡಿದರು, ಒಟ್ಟು 1.4 ಲಕ್ಷ ತಾಸು. ಲಂಡನ್‌ನ ಎಎಫ್‌ಸಿ ವಿಂಬಲ್ಡನ್ ಕ್ಲಬ್ಬು 2020ರಲ್ಲಿ ಅಭಿಮಾನಿಗಳಿಗೇ ಬಾಂಡ್ (ಸಾಲಪತ್ರ) ಮಾರಿ 50 ಲಕ್ಷ ಪೌಂಡ್‌ಗೂ ಹೆಚ್ಚು ಎತ್ತಿತು. ಮೂರರಲ್ಲೂ ಸಾಲ ಕೊಟ್ಟವರಿಗೆ, ಜಾಗ ಕೊಟ್ಟವರಿಗೆ, ಬೆವರು ಸುರಿಸಿದವರಿಗೆ ಕ್ಲಬ್ಬಿನ ಮೇಲೆ ಬೇರೆ ಆಸೆಯೂ ಇತ್ತು. ಬ್ಯಾಂಕಿಗೆ ಅಂಥ ಆಸೆ ಇರುವುದಿಲ್ಲ.

ನಮ್ಮ ಕಡೆಯ ಕ್ಲಬ್ಬಿಗೆ ನಾನು ಹೇಳುವ ಕ್ರಮ ಹೀಗೆ. ಜಿಲ್ಲಾ ಕ್ರೀಡಾಂಗಣವೋ ಕಾಲೇಜು ಮೈದಾನವೋ, ಇರುವುದನ್ನು ಬಾಡಿಗೆಗೆ ಹಿಡಿಯಿರಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೋ ಕಂಪನಿಗಳ ಸಾಮಾಜಿಕ ಹೊಣೆಯ ಹಣವೋ ಸಿಗುವಂತಿದ್ದರೆ ಒಂದು ಗ್ಯಾಲರಿ, ನೆರಳು, ಶೌಚಾಲಯಕ್ಕೆ ಕೇಳಿ. ಆ ಆಸ್ತಿ ಸರ್ಕಾರದ್ದೇ ಆಗಿರಲಿ, ಬೇಜಾರಿಲ್ಲ. ಅಕ್ಕಿ ಮಿಲ್ಲಿನವರು, ಗಣಿಯವರು ಜಾಗ ಕೊಡಲು ಮುಂದೆ ಬಂದರೆ ದಾನಪತ್ರವೋ ಮೂವತ್ತು ವರ್ಷಕ್ಕೆ ಕಡಿಮೆಯಿಲ್ಲದ ನೋಂದಾಯಿತ ಗುತ್ತಿಗೆಯೋ ಆಗುವವರೆಗೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಬಾಯಿಮಾತಿನ ಜಾಗ ಚುನಾವಣೆ ಬಂದಾಗ, ಮಕ್ಕಳ ಪಾಲಾದಾಗ ಕೈತಪ್ಪುತ್ತದೆ.

ಬಾಡಿಗೆ ಕರಾರಿನಲ್ಲಿ ಇವು ಇರಲಿ. ಅವಧಿ ಕನಿಷ್ಠ ಐದು ವರ್ಷ, ಪಂದ್ಯದ ದಿನಗಳ ಪಟ್ಟಿ ಸೀಸನ್ ಶುರುವಾಗುವ ಮುಂಚೆಯೇ ಲಿಖಿತವಾಗಿ. ರಾಜಕೀಯ ಸಭೆಗೋ ವಸ್ತುಪ್ರದರ್ಶನಕ್ಕೋ ಮೈದಾನ ಕೊಟ್ಟರೆ ನೆಲ ಸರಿಮಾಡುವ ಖರ್ಚು ಯಾರದು ಎಂಬುದು ಸ್ಪಷ್ಟವಾಗಿರಲಿ. ಪೆಂಡಾಲಿನ ಗೂಟದ ಗುಂಡಿಯಲ್ಲಿ ಆಟಗಾರನ ಕಾಲು ಮುರಿದರೆ ಆಮೇಲೆ ವಾದ ಮಾಡಿ ಪ್ರಯೋಜನವಿಲ್ಲ. ಬಾಡಿಗೆಯನ್ನು ಮ್ಯಾಂಚೆಸ್ಟರ್ ಮಾದರಿಯಲ್ಲಿ ಕೇಳಿ: ಸಾವಿರ ಜನದವರೆಗೆ ಸಣ್ಣ ನಿಗದಿತ ಮೊತ್ತ, ಅದರ ಮೇಲೆ ಬಂದವರ ಟಿಕೆಟ್‌ನಲ್ಲಿ ಪಾಲು. ಮಿರ್ಚಿ ಮಂಡಕ್ಕಿ ಅಂಗಡಿ, ಪಾರ್ಕಿಂಗ್, ಗೋಡೆ ಜಾಹೀರಾತು ಪಂದ್ಯದ ದಿನ ಕ್ಲಬ್ಬಿನದೇ ಇರಲಿ. ಸಣ್ಣ ಮಟ್ಟದಲ್ಲಿ ಟಿಕೆಟ್‌ಗಿಂತ ಅದೇ ಜಾಸ್ತಿ ಉಳಿಯಬಹುದು. ಫ್ಲಡ್‌ಲೈಟಿನ ವಿದ್ಯುತ್ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎನ್ನುವುದನ್ನೂ ಸಹಿ ಹಾಕುವ ಮುಂಚೆ ಓದಿ ನೋಡಿ.